ಅಂಜನಪ್ಪನ ಖಾನಾವಳಿಯಲ್ಲಿ ಹಾಡು ನಿಂತದ್ದು

ಈರುಳ್ಳಿ ಮಂಡಿಯಲ್ಲಿ ದುಡಿಯುವ ಹೆಂಗಸರ ಕಣ್ಣುಗಳು ಯಾವಾಗಲೂ ಕೆಂಪಗಿರುತ್ತವೆ. ಲತಾಳ ಕಣ್ಣೂ ಹಾಗೇ. ಬೆಳಗಿನಿಂದ ಕುಕ್ಕರುಗಾಲಲ್ಲಿ ಕುಳಿತು ಈರುಳ್ಳಿಯ ಬೇರು, ಬಾಲ ಕತ್ತರಿಸಿ, ಕೊಳೆತದ್ದನ್ನು ಆರಿಸಿ ತೆಗೆದು ಚೀಲ ತುಂಬುವುದು ಅವಳ ಕೆಲಸ. ಸಂಜೆ ಎದ್ದರೆ ಮೊಣಕಾಲು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು. ಕೈಯನ್ನು ಎಷ್ಟು ತಿಕ್ಕಿದರೂ ವಾಸನೆ ಹೋಗದು. ಆ ಕೈಯಲ್ಲೇ ಅವಳು ಮೈಕು ಹಿಡಿಯುತ್ತಿದ್ದಳು.

ಲತಾ ಹರಿಯಬ್ಬೆ ಕಡೆಯ ಕುರಿ ಕಾಯುವವರ ಮನೆಯವಳು. ಕುರಿ ಮಾರಿದ ಮೇಲೆ ಹಿರಿಯೂರಿಗೆ ಬಂದು ಬಾಡಿಗೆ ಕೋಣೆ ಹಿಡಿದಳು. ನಾನು ತಿಪ್ಪೇಶ್. ಅದೇ ಮಂಡಿಯಲ್ಲಿ ಚೀಲ ಹೊರುವ ಹಮಾಲಿ, ಸಂಜೆ ಢೋಲಕ್ ಬಾರಿಸುವವನು. ಹಾರ್ಮೋನಿಯಂ ನುಡಿಸುತ್ತಿದ್ದವರು ಏಕಾಂತಪ್ಪ. ಹಗಲು ಅವರು ಬಸ್‌ಸ್ಟ್ಯಾಂಡಿನ ಬಳಿ ಹರಿದ ಪ್ಯಾಂಟು, ಚೀಲದ ಜಿಪ್ಪು ಹೊಲಿಯುತ್ತಿದ್ದರು. ನಾವು ಮೂವರೂ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ, ಅಂಜನಪ್ಪನ ಖಾನಾವಳಿಯಲ್ಲಿ ಕಲೆಯುತ್ತಿದ್ದೆವು. ತಗಡಿನ ಮಾಡು, ನಾಲ್ಕು ಮೇಜು, ಒಂದೇ ಬಾಗಿಲು. ಒಗ್ಗರಣೆಯ ಹೊಗೆ ಗಂಟಲಿಗೆ ಇಳಿಯುತ್ತಿತ್ತು. ಲತಾ ಒಮ್ಮೆ ಕೆಮ್ಮಿ ಹಾಡಿಗೆ ಶುರುವಿಡುತ್ತಿದ್ದಳು. ಅವರ ಹಟ್ಟಿಯ ಹಾಡು, ಸೋಬಾನೆ, ಕೇಳಿದವರ ಇಷ್ಟದ ಹಾಡು. ಹಮಾಲಿಗಳು, ಲಾರಿಯವರು ಮುದ್ದೆಯನ್ನು ನಿಧಾನವಾಗಿ ಮುರಿಯುತ್ತಿದ್ದರು. ಅಂಜನಪ್ಪ ಕೈಯಲ್ಲಿದ್ದಷ್ಟು ಕೊಟ್ಟು ಊಟ ಹಾಕುತ್ತಿದ್ದ. ನಮಗೆ ಅದು ಸಾಕಾಗುತ್ತಿತ್ತು ಅಂತಲ್ಲ. ಬೇಕಾಗಿತ್ತು.

ಒಂದು ಸಂಜೆ ಸ್ಟೇಷನ್ನಿನ ಎಎಸ್ಐ ಬಂದರು. ಕೂಗಾಡಲಿಲ್ಲ. ಹಾಡು ಮುಗಿಯುವ ತನಕ ಕಾದು, ಊಟ ಮುಗಿಸಿ ಕೈ ತೊಳೆದುಕೊಂಡು, ಹಾಡಿಸುವುದಕ್ಕೆ ಲೈಸೆನ್ಸ್ ಇದೆಯಾ ಎಂದು ಕೇಳಿದರು. ಅಂಜನಪ್ಪ ಗೋಡೆಗೆ ತೂಗುಹಾಕಿದ್ದ ನಗರಸಭೆಯ ಲೈಸೆನ್ಸ್ ತೋರಿಸಿದ.

"ಇದು ಊಟಕ್ಕೆ. ಹಾಡಿಗೆ ಬೇರೆ" ಎಂದರು. ಮರುದಿನದಿಂದ ಹಾಡಿದರೆ ಕೇಸು ಎಂದೂ ಹೇಳಿದರು.

ಅಂಜನಪ್ಪ ಲತಾಳನ್ನು ಕರೆದುಕೊಂಡು ಚಿತ್ರದುರ್ಗದಲ್ಲಿ ಲೈಸೆನ್ಸ್ ಕೊಡುವ ಕಚೇರಿಗೆ ಹೋದ. ಹಾಡುವವರ ವಿವರವನ್ನೂ ಕೊಡಬೇಕು ಎಂದು ಯಾರೋ ಹೇಳಿದ್ದರು. ಲತಾಳಿಗೆ ಆ ದಿನದ ಕೂಲಿ ಹೋಯಿತು. ಅಲ್ಲಿದ್ದ ದಿವ್ಯಾ ಮೇಡಂ ಕೆಟ್ಟವರಲ್ಲ. ಕುರ್ಚಿ ತೋರಿಸಿ ಕೂರಿಸಿ, ನಿಯಮ ಓದಿ ಹೇಳಿದರು. ಎರಡನೆಯ ಬಾಗಿಲು ಬೇಕು. ಅಗ್ನಿಶಾಮಕದವರ ಒಪ್ಪಿಗೆ ಬೇಕು. ಅವರ ಗಾಡಿ ತಿರುಗುವಷ್ಟು ರಸ್ತೆ ಬೇಕು. ಗಿರಾಕಿಗಳ ವಾಹನ ನಿಲ್ಲಿಸಲು ಜಾಗ ಬೇಕು. ಎಂಜಿನಿಯರ್ ಸಹಿ ಬೇಕು.

"ನಮ್ದು ನಾಕು ಮೇಜಿನ ಖಾನಾವಳಿ ಮೇಡಂ. ಬಂದೋರು ನಡ್ಕಂಡು ಬರ್ತಾರೆ" ಎಂದನಂತೆ ಅಂಜನಪ್ಪ.

"ನಿಯಮ ಎಲ್ಲರಿಗೂ ಒಂದೇ" ಎಂದರಂತೆ ಮೇಡಂ. ಆಮೇಲೆ ಕನಿಕರದಿಂದಲೇ ಒಂದು ದಾರಿ ಹೇಳಿದರಂತೆ. "ಸ್ಪೀಕರಿನಲ್ಲಿ ಹಾಡು ಹಾಕ್ಕೊಳ್ಳಿ. ಹಾಡೋರು ಇಲ್ಲದಿದ್ರೆ ಈ ಲೈಸೆನ್ಸ್ ಬೇಕಾಗಲ್ಲ."

ಇದನ್ನು ಲತಾ ನನಗೆ ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದಳು. ಅಂಜನಪ್ಪ ಒಂದು ಸ್ಪೀಕರ್ ತಂದು ಮೂಲೆಯಲ್ಲಿಟ್ಟ. ಏಕಾಂತಪ್ಪ ಹಾರ್ಮೋನಿಯಂ ಮನೆಗೆ ಹೊತ್ತುಕೊಂಡು ಹೋದರು.

ವಾರ ಕಳೆದಿರಲಿಲ್ಲ, ಬೈಪಾಸಿನ ಗುರುರಾಜ್ ಮಂಡಿಗೇ ಕಾರು ತಂದ. ಅವನದು ಹುಲ್ಲುಹಾಸು, ದೀಪದ ಸರ, ದೊಡ್ಡ ಗೇಟು ಇರುವ ಹೋಟೆಲು. ಹಾಡಿನ ಲೈಸೆನ್ಸಿಗೆ ಗಾಜು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದ. ಲತಾ ಬಂದು ಹಾಡಲಿ ಎಂದ. ಅವನು ಹೇಳಿದ ಸಂಬಳ ಅಂಜನಪ್ಪ ಕೊಡುತ್ತಿದ್ದುದರ ಅರ್ಧವೂ ಇರಲಿಲ್ಲ. ಯಾಕೆ ಇಷ್ಟು ಕಡಿಮೆ ಎಂದು ಲತಾ ಕೇಳಿದಳು.

"ಈ ಊರಾಗೆ ಹಾಡ್ಸಾಕೆ ಲೈಸೆನ್ಸು ಇರೋದು ನನ್ನೊಬ್ಬನ ಹತ್ರ. ಇನ್ನೆಲ್ಲಿ ಹಾಡ್ತೀಯಮ್ಮ?"

ವಾದ್ಯಕ್ಕೆ ನಮ್ಮಿಬ್ಬರನ್ನೂ ಕರೆಯಿರಿ ಎಂದು ಲತಾ ಕೇಳಿದಳು. ರೆಕಾರ್ಡ್ ಮಾಡಿದ ಟ್ರ್ಯಾಕಿನಲ್ಲಿ ಎಲ್ಲ ವಾದ್ಯವೂ ಇದೆ, ಅವರು ಯಾಕೆ ಎಂದ ಗುರುರಾಜ್. ಲತಾ ಒಪ್ಪಿದ ಮೇಲೆ ಅವಳ ಫೋಟೊ, ಹೆಬ್ಬೆರಳ ಗುರುತು ಸ್ಟೇಷನ್ನಿಗೆ ಹೋದವು. ಗುರುರಾಜನ ಲೈಸೆನ್ಸಿನ ಜೊತೆ ಅವಳ ಹೆಸರು ಸೇರಿತು. ಬೇರೆ ಎಲ್ಲೂ ಹಾಡುವಂತಿಲ್ಲ, ಸೀಮಂತಕ್ಕೆ ಕರೆದರೂ ತನ್ನನ್ನು ಕೇಳಿ ಹೋಗಬೇಕು ಎಂದು ಅವನು ತಾಕೀತು ಮಾಡಿದ.

ಮಂಡಿಯಲ್ಲಿ ಲತಾಳ ಪಕ್ಕ ಕೂರುವವಳು ದೊಡ್ಡಕ್ಕ. ಕೆಲಸದ ನಡುವೆ ಲತಾ ಗುನುಗುವುದು, ಉಳಿದವರು ಸೊಲ್ಲೆತ್ತುವುದು ಅಲ್ಲಿ ದಿನವೂ ಇದ್ದದ್ದೇ. ಅದು ನಿಂತುಹೋಯಿತು. ಯಾಕೆ ಎಂದು ದೊಡ್ಡಕ್ಕ ಕೇಳಿದರೆ ಹಾಡು ಬರುತ್ತಿಲ್ಲ ಎಂದಳಂತೆ. ಒಮ್ಮೆ ಚೀಲ ಇಳಿಸುತ್ತಾ ನಾನೂ ಕೇಳಿದೆ, ಅಲ್ಲಿ ಹೆಂಗೈತೆ ಅಂತ.

"ಏನೂ ಅನ್ಸಲ್ಲ ತಿಪ್ಪೇಶಣ್ಣ. ಈರುಳ್ಳಿ ಕೊಯ್ದಂಗೆ ಹಾಡ್ತೀನಿ."

ಒಂದು ಭಾನುವಾರ ಏಕಾಂತಪ್ಪ ಅವಳ ಹಾಡು ಕೇಳಬೇಕು ಎಂದರು. ಇಬ್ಬರೂ ಬೈಪಾಸಿಗೆ ನಡೆದೆವು. ಊಟ ಮಾಡುವವರಿಗೆ ಮಾತ್ರ ಒಳಗೆ ಎಂದ ವಾಚ್‌ಮನ್. ಅಲ್ಲಿಯ ಊಟ ನಮಗೆ ಎಟುಕುವಂಥದ್ದಲ್ಲ. ಗೇಟಿನ ಸರಳಿನ ಆಚೆ, ಲಾರಿಗಳು ಹೋಗುವ ಕಡೆ ನಿಂತೆವು. ಏಕಾಂತಪ್ಪನ ಬೆರಳುಗಳು ಸರಳಿನ ಮೇಲೆ ತಾವಾಗಿಯೇ ಆಡುತ್ತಿದ್ದವು. ಲತಾ ನಮ್ಮನ್ನು ಕಂಡಳು.

ಹಾಡುತ್ತಿದ್ದವಳು ನಿಲ್ಲಿಸಿದಳು.

ಟ್ರ್ಯಾಕ್ ನಿಲ್ಲಲಿಲ್ಲ. ಅದರಲ್ಲಿ ಹಿಮ್ಮೇಳದ ಹೆಣ್ಣುದನಿಗಳಿದ್ದವು. ಜನ ತಿನ್ನುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಲತಾ ಅವರನ್ನೆಲ್ಲ ಒಂದು ಸುತ್ತು ನೋಡಿದಳು. ಮೈಕನ್ನು ಕುರ್ಚಿಯ ಮೇಲಿಟ್ಟು ಗೇಟಿನ ಕಡೆ ಬಂದಳು. ಗುರುರಾಜ್ ಅಡ್ಡ ಬಂದು, ಪ್ರೋಗ್ರಾಂ ಮುಗಿದಿಲ್ಲ, ಎಲ್ಲಿಗೆ ಎಂದ.

"ನನ್ನೆಸ್ರು ನಿಮ್ ಲೈಸೆನ್ಸಿನ ಜೊತೆ ಐತಲ್ರಿ. ಅದ್ರ ಕೈಲೇ ಹಾಡಿಸ್ಕಳ್ರಿ."

ಆ ತಿಂಗಳ ಸಂಬಳ ಅವಳಿಗೆ ಬರಲಿಲ್ಲ.

ಮುಂದಿನ ಸಂತೆಯ ದಿನ ಮಧ್ಯಾಹ್ನ ನಾವು ಮೂವರೂ ಅಂಜನಪ್ಪನ ಖಾನಾವಳಿಗೆ ಹೋದೆವು. ಅಂಜನಪ್ಪನ ಮುಖ ಸಣ್ಣಗಾಯಿತು. ತಾನು ಹಾಡಿ ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ ಎಂದು ಹೇಳಿ ಸ್ಪೀಕರಿನ ವಯರು ಕಿತ್ತ. ಮೈಕಿಲ್ಲದೆ ಲತಾ ಹಾಡಿದಳು. ಮೊದಲ ಹಾಡಿಗೆ ದನಿ ಒಡೆಯಿತು. ಎರಡನೆಯದಕ್ಕೂ ಸರಿಹೋಗಲಿಲ್ಲ. ಏಕಾಂತಪ್ಪ ಶ್ರುತಿ ಇಳಿಸಿಕೊಟ್ಟರು. ಮೂರನೆಯ ಹಾಡಿನ ನಡುವೆ ಎಎಸ್ಐ ಬಂದರು. ಈ ಸಲ ಮುಗಿಯುವ ತನಕ ಕಾಯಲಿಲ್ಲ.

ಸ್ಟೇಷನ್ನಿನಲ್ಲಿ ಬರೆಯುವ ಪೊಲೀಸಿನವರು ನಮ್ಮೆಲ್ಲರ ಹೆಸರು, ಊರು ಕೇಳಿದರು. ಲತಾಳ ಸರದಿ ಬಂದಾಗ ಉದ್ಯೋಗ ಏನು ಎಂದರು.

"ಹಾಡೋದು" ಎಂದಳು.

ಅವರು ಕೂಲಿ ಎಂದು ಬರೆದುಕೊಂಡು ರುಜು ಹಾಕಲು ಕಾಗದ ತಿರುಗಿಸಿದರು. ಲತಾಳಿಗೆ ಓದು ಬರುತ್ತದೆ. ಕಾಗದವನ್ನು ಅವರ ಕಡೆಗೇ ತಳ್ಳಿದಳು.

"ನಂದು ಮಂಡಿ ಕೂಲೀನೂ ಹೌದ್ರಿ. ಆದ್ರೆ ಈರುಳ್ಳಿ ಕೊಯ್ದಿದ್ದಕ್ಕೆ ನೀವು ಹಿಡ್ಕಂಡು ಬಂದಿಲ್ಲ. ಹಾಡಿದ್ದಕ್ಕೆ ತಂದೀರಿ. ಹಾಡೋಳು ಅಂತ ಬರೀರಿ, ರುಜು ಹಾಕ್ತೀನಿ."

ಅವರು ಎಎಸ್ಐ ಮುಖ ನೋಡಿದರು. ಎಎಸ್ಐ, ಸುಮ್ಮನೆ ಸಹಿ ಹಾಕಿ ಮನೆಗೆ ಹೋಗಮ್ಮ, ದಂಡ ಕಟ್ಟಿದರೆ ಮುಗಿಯುತ್ತದೆ ಎಂದರು. ಲತಾ ಹೋಗಿ ಬೆಂಚಿನ ಮೇಲೆ ಕುಳಿತಳು. ಏಕಾಂತಪ್ಪ ಅವಳ ಪಕ್ಕ ಕುಳಿತರು. ಅಂಜನಪ್ಪ ಬೆವರು ಒರೆಸಿಕೊಳ್ಳುತ್ತಾ ಬಾಗಿಲವರೆಗೆ ಹೋದವನು ತಿರುಗಿ ಬಂದ. ನನ್ನ ರುಜು ಆಗಿತ್ತು, ಹೋಗಬಹುದಿತ್ತು. ನಾನೂ ಕುಳಿತೆ.

ಮಂಡಿ ಬಿಡುವ ಹೊತ್ತಿಗೆ ದೊಡ್ಡಕ್ಕ ಬಂದಳು. ಹಿಂದೆ ಐದಾರು ಹೆಂಗಸರಿದ್ದರು. ಕೈ ತೊಳೆಯದೆ ಹಾಗೇ ಬಂದಿದ್ದರು. ಸ್ಟೇಷನ್ನಿನ ತುಂಬ ಈರುಳ್ಳಿ ವಾಸನೆ ಹರಡಿತು. ಬರೆಯುವವರು ಕರ್ಚೀಫನ್ನು ಮೂಗಿಗೆ ಹಿಡಿದರು. ಏನಾಗಿದೆ ಎಂದು ದೊಡ್ಡಕ್ಕ ಕೇಳಿದಳು. ನಾನು ಹೇಳಿದೆ.

"ಹಾಡೋಳು ಅಂತ ಇನ್ನೂ ಬರ್ದಿಲ್ವಾ?"

"ಇಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಜಾಗ ನೋಡಿದಳು.

"ಹಂಗಾರೆ ಕುಂತ್ಕಳಾಣ" ಎಂದಳು.