ಮುಖ ಹೊಂದಿಕೆಯಾಗುತ್ತಿಲ್ಲ

"ಒಸಿ ಬಾಯ್ ಮುಚ್ಚವ್ವ," ಎಂದಳು ಸುಕನ್ಯ. ಮೊಬೈಲಿನ ಪರದೆಯ ವೃತ್ತದೊಳಗೆ ಅವಳ ಅತ್ತೆ ಪುಟ್ಟಸಿದ್ದಮ್ಮನ ಮುಖವಿತ್ತು. ಲಕ್ವ ಹೊಡೆದ ಮೇಲೆ ಮುದುಕಿಯ ಬಾಯಿ ಬಲಕ್ಕೆ ಜೋತುಬಿದ್ದಿತ್ತು. ವೃತ್ತ ಕೆಂಪಾಯಿತು. ಮುಖ ಹೊಂದಿಕೆಯಾಗುತ್ತಿಲ್ಲ, ಇನ್ನು ಎರಡು ಅವಕಾಶಗಳಿವೆ ಎಂದು ಬಂತು.

ಗಾವಡಗೆರೆಯ ಸುತ್ತಲಿನ ಯಾವ ಮದುವೆಗೂ ಸೋಬಾನೆ ಹಾಡಲು ಪುಟ್ಟಸಿದ್ದಮ್ಮನೇ ಬೇಕಿತ್ತು. ಅವಳ ಪದಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಸುಕನ್ಯ ನಾಲ್ಕು ವರ್ಷಗಳ ಕಾಲ, ದಿನದ ಹೊಲಿಗೆ ಕೆಲಸ ಮುಗಿಸಿ, ಅತ್ತೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಇನ್ನೂರಕ್ಕೂ ಹೆಚ್ಚು ಪದ ರೆಕಾರ್ಡ್ ಮಾಡಿದ್ದಳು. ಅತ್ತೆಯ ಹೆಸರಲ್ಲೇ ಇಂಟರ್ನೆಟ್ಟಿನಲ್ಲಿ ಚಾನೆಲ್ ತೆರೆದು ಎಲ್ಲವನ್ನೂ ಅಲ್ಲಿಗೆ ಏರಿಸಿದ್ದಳು. ಅಲ್ಲಿ ಭದ್ರವಾಗಿರುತ್ತವೆಂದು ನಂಬಿ, ಮೊಬೈಲಿನಲ್ಲಿದ್ದವನ್ನು ಅಳಿಸಿಬಿಟ್ಟಿದ್ದಳು.

ಯುಗಾದಿ ಕಳೆದು ವಾರಕ್ಕೆ ಲಕ್ವ ಹೊಡೆದು ಮುದುಕಿಯ ಮಾತು ನಿಂತಿತು. ಮರುತಿಂಗಳು ಮೊಬೈಲು ನೀರಿನ ತೊಟ್ಟಿಗೆ ಬಿತ್ತು. ಹೊಸದರಿಂದ ಚಾನೆಲ್ಲಿನ ಒಳಹೋಗಲು ನೋಡಿದರೆ, ನೀವು ನಿಜವಾಗಿಯೂ ಪುಟ್ಟಸಿದ್ದಮ್ಮನೇ ಎಂದು ಅದನ್ನು ನಡೆಸುವ ಕಂಪನಿ ಕೇಳಿತು. ಚಾನೆಲ್ಲಿಗೆ ಬೀಗ ಬಿತ್ತು. ಮೂವತ್ತು ದಿನದೊಳಗೆ ಮುಖ ತೋರಿಸಿ ರುಜುವಾತು ಮಾಡದಿದ್ದರೆ ಎಲ್ಲವೂ ಅಳಿಯುತ್ತದೆ ಎಂದಿತು.

ಸುಕನ್ಯ ಹುಣಸೂರಿಗೆ ಹೋಗಿ ಮೊಬೈಲ್ ಅಂಗಡಿಯ ಚೆಲುವರಾಜುವನ್ನು ಕೇಳಿದಳು. ಆ ಕಂಪನಿಯವರಿಗೆ ಈ ಕಡೆ ಆಫೀಸೂ ಇಲ್ಲ, ಫೋನ್ ಎತ್ತುವ ಮನುಷ್ಯರೂ ಇಲ್ಲ ಎಂದ ಅವನು. ಅವನೇ ಬರೆದುಕೊಟ್ಟ ಮನವಿಗೆ ಪ್ರತಿ ಸಲವೂ ನಿಮಿಷದೊಳಗೆ ಮುಖ ತೋರಿಸಿ ಎಂಬ ಅದೇ ಒಂದು ಸಾಲು ಉತ್ತರವಾಗಿ ಬಂತು. ಹೋದರೆ ಹೋಗಲಿ ಬುಡು ಎಂದ ಗಂಡ ಸುನೀಲ್‌ಕುಮಾರನಿಗೆ ಅವಳು, "ಅದು ನಿಮ್ಮವ್ವನ್ ಗಂಟಲು ಕಣ್ರೀ," ಎಂದಿದ್ದಳು.

ಇವತ್ತು ಮೂವತ್ತನೆಯ ದಿನ. ಎರಡನೆಯ ಸಲ ಸುಕನ್ಯ ಅತ್ತೆಯ ಗದ್ದ ಎತ್ತಿ ಹಿಡಿದಳು. ಬೇರೊಬ್ಬರ ಕೈ ಕಾಣುತ್ತಿದೆ ಎಂದಿತು ಮೊಬೈಲು.

ಅವಳು ರವಿಕೆಯ ಲೈನಿಂಗ್ ಬಟ್ಟೆಯನ್ನು ಉದ್ದಕ್ಕೆ ಹರಿದಳು. ಜೋತ ಕೆನ್ನೆಯನ್ನು ಕಿವಿಯತ್ತ ಎಳೆದು, ತಲೆಯ ಹಿಂದೆ ಬಿಗಿದು ಗಂಟುಹಾಕಿ, ಮೇಲೆ ಸೆರಗು ಹೊದಿಸಿದಳು. ಮುದುಕಿ ನರಳುತ್ತಾ, ಸ್ವಾಧೀನವಿದ್ದ ಎಡಗೈಯಿಂದ ಪಟ್ಟಿ ಕೀಳಲು ಹೋದಳು. ಸುಕನ್ಯ ಆ ಕೈಯನ್ನು ಮಂಡಿಯಡಿ ಅದುಮಿ ಕೂತಳು. ವೃತ್ತ ಹಸಿರಾಯಿತು. ಈಗ ಮುಗುಳ್ನಗಿ ಎಂದಿತು ಮೊಬೈಲು.

"ನಗವ್ವ."

ಮುದುಕಿಯ ಕಣ್ಣಿಂದ ನೀರಿಳಿಯಿತು.

"ನಗು ಅಂದ್ರೆ ನಗಕ್ಕೇನ್ ರೋಗ ನಿಂಗೆ," ಎಂದು ಸುಕನ್ಯ ಕೆನ್ನೆಗೆ ಹೊಡೆದಳು.

ಏಟಿಗೆ ಮುಖ ವೃತ್ತದಿಂದ ಆಚೆ ಸರಿಯಿತು. ನಿಮ್ಮ ಸುರಕ್ಷತೆಗಾಗಿ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದು ಬಂತು. ಅದನ್ನು ಎರಡು ಸಲ ಓದಿದ ಮೇಲೆ ಸುಕನ್ಯಳಿಗೆ ತನ್ನ ಮಂಡಿಯಡಿ ಇನ್ನೂ ಅತ್ತೆಯ ಕೈ ಇರುವುದು ಗೊತ್ತಾಯಿತು. ಪಟ್ಟಿಯ ಗಂಟು ಬಿಚ್ಚಲು ಬರಲಿಲ್ಲ. ಕತ್ತರಿ ತಂದು ಕತ್ತರಿಸಿದಳು. ಕೆನ್ನೆಯ ಮೇಲೆ ಕೆಂಪು ಬರೆ ಎದ್ದಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಸವರುವಾಗ, ತಪ್ಪಾಯ್ತು ಕಣವ್ವ ಎಂದು ಮತ್ತೆ ಮತ್ತೆ ಹೇಳಿದಳು. ಮುದುಕಿ ತೊಲೆಯನ್ನು ನೋಡುತ್ತಿದ್ದಳು.

ಸಂಜೆ ಸುಕನ್ಯ ರಾಗಿ ಗಂಜಿ ಆರಿಸಿ, ಚಮಚವನ್ನು ಅತ್ತೆಯ ತುಟಿಗೆ ಮುಟ್ಟಿಸಿದಳು. ಮುಚ್ಚಲಾಗದ ಆ ಬಾಯಿ ಈಗ ಹಲ್ಲು ಕಚ್ಚಿಕೊಂಡಿತ್ತು. ಗಂಜಿ ಗದ್ದಕ್ಕಿಳಿದು ಕುತ್ತಿಗೆಗೆ ಹರಿಯಿತು. ಅವಳು ಸೆರಗಿನಲ್ಲಿ ಒರೆಸಿ, ಇನ್ನೊಂದು ಚಮಚ ತುಂಬಿ ಹಿಡಿದು ಕೂತಳು. ಬಟ್ಟಲಿನಲ್ಲಿ ಗಂಜಿಯ ಮೇಲೆ ತೆಳುವಾಗಿ ಕೆನೆ ಕಟ್ಟುತ್ತಿತ್ತು.