ಬೇವಿನ ಹಲಗೆಯ ಗಿಟಾರ್

ಸಲಾವುದ್ದೀನ ಹದಿನೇಳು ವರ್ಷ ಬೇಸ್ ಗಿಟಾರ್ ಬಾರಿಸಿದ್ದು ಒಂದೇ ತಂಡದಲ್ಲಿ, ನರೇಗಲ್ಲಿನ ಅಬ್ದುಲಮಜೀದ ಮಾಸ್ತರರ ರಸಮಂಜರಿಯಲ್ಲಿ. ಮದುವೆ, ಗಣಪತಿ ಹಬ್ಬ, ಉರುಸು, ಶಾಲೆಯ ಗ್ಯಾದರಿಂಗ್ ಅಂತ ಎಲ್ಲಿ ಕರೆದರೂ ಟೆಂಪೊ ಹತ್ತುವ ತಂಡ ಅದು. ಹಾಡುವವರು ಮುಂದೆ ನಿಲ್ಲುತ್ತಿದ್ದರು, ಕೀಬೋರ್ಡಿನ ಮಾಸ್ತರರು ಎಡಕ್ಕೆ. ಸಲಾವುದ್ದೀನನ ಜಾಗ ಡ್ರಮ್ಮಿನ ಹಿಂದೆ, ದೀಪ ಬೀಳದ ಕಡೆ. ನಾಲ್ಕು ದಪ್ಪ ತಂತಿಗಳ ಆ ಗಿಟಾರಿನಿಂದ ಹೊರಡುವ ಗುಂಯ್ ಎನ್ನುವ ಸದ್ದನ್ನು ಯಾರೂ ಬೇರೆ ಮಾಡಿ ಕೇಳುವುದಿಲ್ಲ. ಅದು ನಿಂತರೆ ಮಾತ್ರ ಹಾಡಿಗೆ ಏನೋ ಕಡಿಮೆಯಾಯಿತಲ್ಲ ಎಂದು ಜನ ಅತ್ತಿತ್ತ ನೋಡುತ್ತಾರೆ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ರೇಡಿಯೊ, ಟೇಪ್ ರಿಪೇರಿ ಅಂಗಡಿಯೂ ಇತ್ತು. ಎರಡು ಸಾವಿರದ ಏಳರ ದೀಪಾವಳಿ ಮುಗಿದ ವಾರ ಮಜೀದ ಮಾಸ್ತರರು ಅಲ್ಲಿಗೇ ಬಂದರು. ಸ್ಟೂಲಿನ ಮೇಲೆ ಕೂತು, ಚಹಾ ತರಿಸಬೇಡ ಎಂದಾಗಲೇ ಸಲಾವುದ್ದೀನನಿಗೆ ಅನುಮಾನ ಬಂತು.

"ಹೊಸಾ ಕೀಬೋರ್ಡ್ ತೊಗೊಂಡೆ, ಸಲಾವುದ್ದೀನ. ಬೇಸು, ಡ್ರಮ್ಮು ಎಲ್ಲಾ ಅದರಾಗ ಅದಾವು. ಎಡಗೈಲೆ ಒತ್ತಿದ್ರ ಮುಗೀತು."

"ಮತ್ತ ನಾನು, ಮಾಸ್ತರ?"

ಮಾಸ್ತರರು ಬಿಚ್ಚಿಟ್ಟ ಟೇಪ್ ಒಂದರ ಹೊಟ್ಟೆಯನ್ನೇ ನೋಡುತ್ತ ಹೇಳಿದರು: "ಬೇಕಾದಾಗ ಕರೀತೀನಿ. ಆದ್ರ ಆ ಗಿಟಾರು ಇಲಕಲ್ಲಿನವರಿಗೆ ಕೊಟ್ಟುಬಿಟ್ಟೆ. ನಿಂದ ಅಂತ ಒಂದು ಇದ್ರ ತೊಗೊಂಡು ಬಾ."

ಗಿಟಾರ್ ತಂಡದ್ದು, ಮಾರುವ ಹಕ್ಕು ಅವರದ್ದು. ಸಲಾವುದ್ದೀನ ಜಗಳಾಡಲಿಲ್ಲ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗಿ ಎರಡು ದಿನ ಮಲಗಿದ. ನಲವತ್ತಾರು ವರ್ಷದ ಮೈಯಲ್ಲಿ ಇಷ್ಟೊಂದು ದಣಿವು ಎಲ್ಲಿ ತುಂಬಿಕೊಂಡಿತ್ತೋ ಅವನಿಗೇ ತಿಳಿಯಲಿಲ್ಲ. ಹೆಂಡತಿ ಮುನೀರಾ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು.

ಮೂರನೆಯ ದಿನ ಎದ್ದು ಅವಳ ಅಣ್ಣ ಮುರ್ತುಜಾಸಾಬನ ಅಡ್ಡೆಗೆ ಹೋದ. ಮುರ್ತುಜಾಸಾಬ ರೋಣದ ರಸ್ತೆಯಲ್ಲಿ ಬಾಗಿಲು, ಚೌಕಟ್ಟು, ಕಪಾಟು ಮಾಡುವ ಬಡಿಗ. ಅರವತ್ತರ ಹತ್ತಿರದವನು. ಕಟ್ಟಿಗೆಯ ಹೊಟ್ಟು ಕುಡಿದೂ ಕುಡಿದೂ ಎದೆಯಲ್ಲಿ ಸದಾ ಒಂದು ಸಿಳ್ಳೆ.

"ಭಾಯಿ, ಒಂದು ಬೇಸ್ ಗಿಟಾರ್ ಮಾಡೋಣು."

"ಯಾರು ಹೇಳ್ಯಾರ?"

"ಯಾರೂ ಹೇಳಿಲ್ಲ. ನನಗ."

"ಮಾಡಿದ್ರ ಬಾರಸಾಕ ಯಾರು ಕರೀತಾರ?"

"ಗೊತ್ತಿಲ್ಲ."

"ಮತ್ತ ಯಾಕ?"

"ಅದೂ ಗೊತ್ತಿಲ್ಲ ಭಾಯಿ. ಇಷ್ಟು ದಿನಾ ಸಾಕಾತು ಸಾಕಾತು ಅಂತಿದ್ದೆ. ಈಗ ಕೈಯಾಗ ಅದು ಇಲ್ಲಾಂದ್ರ ಕುಂತಲ್ಲಿ ಕುಂದ್ರಾಕ ಆಗವಲ್ದು."

ಮುರ್ತುಜಾಸಾಬ ಓಡಿಸುತ್ತಿದ್ದ ಉಜ್ಜುಗೊರಡನ್ನು ಪಕ್ಕಕ್ಕಿಟ್ಟ. ಆಮೇಲೆ ಎದ್ದು ಗೋಡೆಗೆ ಒರಗಿಸಿದ್ದ ಹಲಗೆಗಳ ಕಡೆ ನಡೆದ.

ಅವನ ಮನಸ್ಸು ಸಾಗವಾನಿಯ ಮೇಲಿತ್ತು. ಹುಳ ತಿನ್ನುವುದಿಲ್ಲ, ಸೊಟ್ಟಗಾಗುವುದಿಲ್ಲ, ಉಳಿಗೆ ಹೇಳಿದಂತೆ ಕೇಳುತ್ತದೆ. "ನಾಲ್ಕು ತಾಸು ಹೆಗಲಿಗೆ ಹಾಕ್ಕೊಂಡು ನಿಂದ್ರಬೇಕು ಭಾಯಿ" ಎಂದ ಸಲಾವುದ್ದೀನ. ಹಾಗಾದರೆ ನಿಂತು ನೋಡು ಎಂದು ಮುರ್ತುಜಾಸಾಬ ಗಿಟಾರಿನ ಅಳತೆಯ ಸಾಗವಾನಿ ತುಂಡಿಗೆ ಹಗ್ಗ ಕಟ್ಟಿ ಅವನ ಎಡ ಹೆಗಲಿಗೆ ತೂಗಹಾಕಿ, ತನ್ನ ಕೆಲಸಕ್ಕೆ ಹೋದ. ಮುಕ್ಕಾಲು ತಾಸಿಗೆ ಸಲಾವುದ್ದೀನನ ಹೆಗಲು ಸತ್ತುಹೋಯಿತು. ಬೆರಳ ತುದಿಯವರೆಗೆ ಜುಮುಜುಮು. ಹದಿನೇಳು ವರ್ಷದ ನೋವು ಅದೇ ಜಾಗದಲ್ಲಿ ಕಾಯುತ್ತ ಕೂತಿತ್ತು.

"ತಗೀರಿ" ಎಂದ.

ಜಾಲಿ ಇನ್ನೂ ಭಾರ. ಹಲಸು ಹಗುರ, ವೀಣೆ ಮಾಡುವವರು ಅದನ್ನೇ ಹುಡುಕುತ್ತಾರೆ, ಆದರೆ ಶಿರಸಿಯ ಕಡೆಯಿಂದ ತರಿಸಬೇಕು, ಬಂದದ್ದು ಒಣಗಿದೆಯೋ ಇಲ್ಲವೋ ಹೇಳಲಾಗದು. ಕೊನೆಗೆ ಮುರ್ತುಜಾಸಾಬ ಏಣಿ ಹಾಕಿ ಅಟ್ಟದಿಂದ ಬೇವಿನ ಹಲಗೆಯೊಂದನ್ನು ಇಳಿಸಿದ. ಲಕ್ಕಲಕಟ್ಟಿಯ ಹೊಲವೊಂದರಲ್ಲಿ ಗಾಳಿಗೆ ಬಿದ್ದ ಮರದ್ದು. ಒಂಬತ್ತು ವರ್ಷ ಹಂಚಿನ ಬಿಸಿಗೆ ಒಣಗಿ ಹಗುರಾಗಿತ್ತು. ಸಲಾವುದ್ದೀನ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗೆಣ್ಣಿನಿಂದ ಬಡಿದ. ಸಾಗವಾನಿ ಟಕ್ ಎಂದು ಸುಮ್ಮನಾಗುತ್ತಿತ್ತು. ಇದು ಹಾಗಲ್ಲ, ಬಡಿದ ಮೇಲೂ ಸ್ವಲ್ಪ ಹೊತ್ತು ಒಳಗೊಳಗೇ ಗುನುಗಿತು.

"ಇದ ಇರಲಿ" ಎಂದ.

"ಮೈಗೆ ಇದಾತು. ಕುತ್ತಿಗಿಗೆ ಬ್ಯಾಡ" ಎಂದ ಮುರ್ತುಜಾಸಾಬ. "ತಂತಿ ಜಗ್ಗಿದ್ರ ಬೇವು ಬಾಗತೈತಿ. ಕುತ್ತಿಗಿಗೆ ಹಳೇ ಸಾಗವಾನಿ ಬೇಕು, ನೆಟ್ಟಗ ಎಳೀ ಇರೂದು. ಈಗಿನ ಮಾಲಿನಾಗ ಅದು ಸಿಗಂಗಿಲ್ಲ."

ಅದು ಸಿಕ್ಕಿದ್ದು ಸಲಾವುದ್ದೀನನ ಓಣಿಯಲ್ಲೇ. ಎದುರು ಮನೆಯ ಅಡಿವೆವ್ವ ನಲವತ್ತು ವರ್ಷ ಸೀರೆ ನೇಯ್ದವಳು. ಗಂಡ ಹೋದ ಮೇಲೂ ಒಬ್ಬಳೇ ನೇಯುತ್ತಿದ್ದಳು. ಮೊಣಕಾಲು ಕೈಕೊಟ್ಟು ಎರಡು ವರ್ಷದಿಂದ ಕೈಮಗ್ಗ ಸುಮ್ಮನೆ ನಿಂತಿತ್ತು, ಅದರ ಮೇಲೆ ಈಗ ಹಾಸಿಗೆ, ಜೋಳದ ಚೀಲ. ಸಲಾವುದ್ದೀನ ಮಗ್ಗದ ಉದ್ದನೆಯ ತೊಲೆಗಳನ್ನು ನೋಡಿ, ಕೇಳಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತ. ಅವಳೇ ಕೇಳಿದಳು.

"ಏನ್ ನೋಡಾಕತ್ತೀಯಪಾ?"

ಹೇಳಿದ.

"ಒಯ್ಯಿ" ಎಂದಳು. "ಒಂದ ಯಾಕ, ಎರಡೂ ಒಯ್ಯಿ."

"ನಿಮಗ ಕೆಟ್ಟ ಅನಸಂಗಿಲ್ಲೇನಬೇ?"

"ಕೆಟ್ಟ ಯಾಕ ಅನಸಬೇಕು? ನನ್ನ ಎರಡೂ ಮೊಣಕಾಲು ತಿಂದು ಕುಂತೈತಿ ಅದು. ಜಾಗಾ ಬಿಟ್ರ ನಾ ಗ್ವಾಡಿಗೆ ಕಾಲ ಚಾಚಿ ಮಲಗತೀನಿ."

ಗರಗಸ ಇಳಿದಾಗ ತೊಲೆಯ ಒಳಗಿನ ಎಳೆ ಬಾಚಿದ ಕೂದಲಿನಂತೆ ನೆಟ್ಟಗಿತ್ತು. ಮುರ್ತುಜಾಸಾಬ ಮೊದಲ ಸಲ ನಕ್ಕ. ತಂತಿಯ ಎಳೆತ ತಡೆಯಲು ಅದರೊಳಗೆ ಕಬ್ಬಿಣದ ಸರಳು ಕೂಡಿಸಿದರು. ಬೆರಳು ಓಡಾಡುವ ಪಟ್ಟಿಗೆ ಮುರಿದ ಪಲ್ಲಂಗದ ಬೀಟೆಯ ತುಂಡು ಸಿಕ್ಕಿತು. ತಂತಿ ಬಿಗಿಸುವ ಕಿವಿ, ತಂತಿ, ಪಟ್ಟಿಯ ಮೇಲಿನ ಹಿತ್ತಾಳೆಯ ಗೆರೆಗಳನ್ನು ಸಲಾವುದ್ದೀನ ಹುಬ್ಬಳ್ಳಿಯಿಂದ ತಂದ. ಪಿಕಪ್ ಮಾತ್ರ ಸಿಗಲಿಲ್ಲ. ಅಲ್ಲಿಯ ಅಂಗಡಿಯಲ್ಲಿದ್ದದ್ದು ಆರು ತಂತಿಯ ಗಿಟಾರಿನದು. ಬೇಸಿನದು ಮುಂಬಯಿಯಿಂದ ಬರಬೇಕು, ತಿಂಗಳಾಗಬಹುದು ಎಂದರು. ಕಾಯುವ ಚೈತನ್ಯ ಅವನಲ್ಲಿ ಉಳಿದಿರಲಿಲ್ಲ. ತಾಮ್ರದ ತಂತಿಯ ಉರುಳೆಯೊಂದನ್ನು ಕೊಂಡು ಬಸ್ ಹತ್ತಿದ.

ಪಿಕಪ್ ಅಂದರೆ ದೊಡ್ಡ ಗುಟ್ಟೇನಲ್ಲ. ಗಿಟಾರಿನ ತಂತಿಯ ಅಡಿಗೆ ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ನಡುಗಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಅದೇ ಸ್ಪೀಕರಿನಲ್ಲಿ ಸದ್ದಾಗುತ್ತದೆ. ಆಯಸ್ಕಾಂತ ಮುರ್ತುಜಾಸಾಬನ ಡಬ್ಬಿಯಲ್ಲೇ ಇದ್ದವು, ಕಪಾಟಿನ ಬಾಗಿಲು ಹಿಡಿದುಕೊಳ್ಳುವಂಥವು. ಕಷ್ಟವಿದ್ದದ್ದು ಸುರುಳಿಯಲ್ಲಿ. ಕೂದಲಿಗಿಂತ ತೆಳುವಾದ ತಂತಿ, ಎಂಟು ಸಾವಿರ ಸುತ್ತು. ಹೆಚ್ಚಾದರೆ ಸದ್ದು ಮಂಕು, ಕಡಿಮೆಯಾದರೆ ಸಣ್ಣ. ಸಲಾವುದ್ದೀನ ಟ್ರಾನ್ಸ್‌ಫಾರ್ಮರ್ ಸುತ್ತಿದ ಕೈಯವನು, ಆದರೂ ಮೊದಲ ದಿನ ಎರಡು ಸಾವಿರಕ್ಕೆ ತಂತಿ ಹರಿಯಿತು. ಎರಡನೆಯ ದಿನ ಐದು ಸಾವಿರಕ್ಕೆ. ಮೂರನೆಯ ಸಲ ಆರು ಸಾವಿರ ದಾಟಿ, ಇನ್ನೇನು ಆಯಿತು ಅನ್ನುವಾಗ ಹರಿಯಿತು. ಅವನು ಉರುಳೆಯನ್ನು ಮೇಜಿನ ಮೇಲಿಟ್ಟು, ಅಂಗಡಿಯ ಬಾಗಿಲು ತೆರೆದೇ ಬಿಟ್ಟು ಮನೆಗೆ ಬಂದ.

"ಬಿಡತೀನಿ ಇದನ್ನ" ಎಂದ ಹೆಂಡತಿಗೆ. "ಕೈ ನಡಗತಾವು. ಕಣ್ಣೂ ಹಿಡಿವಲ್ವು."

ಮುನೀರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಿಡ್ರಿ, ಯಾರು ಬ್ಯಾಡ ಅಂದ್ರು? ಆದ್ರ ದಾರ ಸುತ್ತೂ ಕೆಲಸಾ ಅಂದ್ರ ಎದರ ಮನೀಗೆ ಕೇಳಬೇಕಿತ್ತು. ಜೀವನಾ ಎಲ್ಲಾ ಅದನ್ನ ಮಾಡ್ಯಾಳಾಕಿ."

ಮರುದಿನ ಮಧ್ಯಾಹ್ನ ಅಡಿವೆವ್ವನ ಪಡಸಾಲೆಯಲ್ಲಿ ಹಳೆಯ ರಾಟಿ ಧೂಳು ಕೊಡವಿಕೊಂಡು ಕೂತಿತು. ರೇಷ್ಮೆ ಸುತ್ತುವ ಕದಿರಿನ ತುದಿಗೆ ಸಲಾವುದ್ದೀನ ಸುರುಳಿ ಸುತ್ತಬೇಕಾದ ಚಪ್ಪಟೆ ಪ್ಲಾಸ್ಟಿಕ್ ಚೌಕಟ್ಟನ್ನು ಮೇಣ ಹಾಕಿ ಕೂಡಿಸಿದ. ಚಕ್ರ ಒಂದು ಸುತ್ತು ತಿರುಗಿದರೆ ಕದಿರು ಮೂವತ್ತು ಸುತ್ತು. ಎಣಿಸುವುದು ಅವನ ಪಾಲು. ಅಡಿವೆವ್ವ ತಂತಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಕಣ್ಣು ಮುಚ್ಚಿದಳು. ಪೊರೆ ಬಂದ ಕಣ್ಣು, ತೆರೆದಿದ್ದರೂ ಆ ತಂತಿ ಕಾಣುತ್ತಿರಲಿಲ್ಲ.

ಹತ್ತು ಸುತ್ತು ತಿರುಗಿಸಿ ನಿಲ್ಲಿಸಿದಳು.

"ಇದು ದುಂಡಗಿಲ್ಲ, ಚಪ್ಪಟಿ ಐತಿ. ಒಂದು ಸುತ್ತಿಗೆ ಎರಡು ಸಲ ಜಗ್ಗತೈತಿ. ನೀ ಅದನ್ನ ಬಿಗಿ ಹಿಡದು ಕುಂತಿದ್ದಿ, ಅದಕ ಹರದೈತಿ."

"ಮತ್ತ ಹ್ಯಾಂಗಬೇ?"

"ಅದು ಕೇಳಿದಾಗ ಕೊಡಬೇಕು. ಒಲ್ಲೆ ಅಂದಾಗ ಹಿಡೀಬೇಕು. ಸುಮ್ಮ ಎಣಸು."

ಅವಳ ಬಲಗೈ ಚಕ್ರ ತಿರುಗಿಸಿತು, ಎಡಗೈಯ ಎರಡು ಬೆರಳು ಸಣ್ಣಗೆ ಹಿಂದೆ ಮುಂದೆ ಆಡಿದವು. ಸಲಾವುದ್ದೀನ ಎಣಿಸುತ್ತ ಹೋದ. ಇಪ್ಪತ್ತಕ್ಕೊಮ್ಮೆ ಅವಳು ಕೈ ಬಿಟ್ಟು ಮೊಣಕಾಲು ನೀವಿಕೊಳ್ಳುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ಇನ್ನೂರ ಅರವತ್ತೇಳಕ್ಕೆ ಅವನು "ಸಾಕಬೇ" ಎಂದಾಗ ಬಿಸಿಲು ಅಂಗಳ ದಾಟಿ ಗೋಡೆಗೆ ಏರಿತ್ತು. ಮೀಟರಿನ ಎರಡು ಮೊನೆ ಮುಟ್ಟಿಸಿ ನೋಡಿದ. ಮುಳ್ಳು ಎದ್ದಿತು. ತಂತಿ ಎಲ್ಲೂ ಹರಿದಿರಲಿಲ್ಲ. ಅವನು ಮುಖ ತಿರುಗಿಸಿ, ಮೀಟರ್ ಸುತ್ತಿಡುವ ನೆವದಲ್ಲಿ ಕೂತ.

"ಚಾ ಮಾಡಂತ ಹೇಳು ಮುನೀರಾಗ" ಎಂದಳು ಅಡಿವೆವ್ವ. "ಸಕ್ರಿ ಚೂರು ಜಾಸ್ತಿ ಇರಲಿ."

ಇನ್ನುಳಿದದ್ದು ಬಣ್ಣ. ಕಾರಿಗೆ ಹೊಡೆಯುವ ಕೆಂಪು ಬಣ್ಣ ಹೊಡೆದರೆ ಸ್ಟೇಜಿನ ಮೇಲೆ ಕಾಣುತ್ತದೆ. ಆದರೆ ಥಿನ್ನರಿನ ವಾಸನೆಗೆ ಮುರ್ತುಜಾಸಾಬನ ಎದೆ ತಡೆಯುವುದಿಲ್ಲ, ಸಲಾವುದ್ದೀನನಿಗೂ ಮಿಂಚುವುದರ ಆಸೆ ಹೋಗಿತ್ತು. ಮಿಂಚಿನ ಅಂಗಿ ಹಾಕಿಕೊಂಡು ನಿಂತ ವರ್ಷಗಳು ಸಾಕಾಗಿದ್ದವು. ಅರಗಿನ ಪಾಲಿಶ್ ಚೆಂದ, ಆದರೆ ಬೆವರಿನ ಕೈ ತಾಗಿ ತಾಗಿ ಬೆಳ್ಳಗಾಗಿ ಅಂಟುತ್ತದೆ. ಕೊನೆಗೆ ಅಗಸೆ ಎಣ್ಣೆಯನ್ನೇ ಬಟ್ಟೆಯಲ್ಲಿ ಅದ್ದಿ ತಿಕ್ಕಿದರು. ಒಂದು ಕೈ ತಿಕ್ಕಿ ಮೂರು ದಿನ ಒಣಗಲು ಬಿಡುವುದು, ಮತ್ತೆ ತಿಕ್ಕುವುದು. ಆರನೆಯ ಸಲಕ್ಕೆ ಬೇವಿನ ಹಲಗೆ ಬೆಲ್ಲದ ಬಣ್ಣಕ್ಕೆ ತಿರುಗಿತು.

ತಂತಿ ಏರಿಸಿ ಅಂಗಡಿಯ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದಾಗ ಮೊದಲು ಬಂದದ್ದು ಬರೀ ಗೊಂಯ್‌ಗುಟ್ಟುವಿಕೆ. ಅರ್ಥಿಂಗ್ ತಂತಿಯೊಂದನ್ನು ಬೆಸೆದ ಮೇಲೆ ಅದು ಅಡಗಿತು. ದಪ್ಪ ತಂತಿಯನ್ನು ಮೀಟಿದ. ಮುರ್ತುಜಾಸಾಬ ಒರಗಿದ್ದ ಕಪಾಟಿನ ಗಾಜು ಅಲುಗಿತು. ಹಳೆಯ ಗಿಟಾರಿಗೆ ಇಲ್ಲದ ಒಂದು ಮೆತ್ತಗಿನ ದನಿ ಇದಕ್ಕಿತ್ತು.

"ಬೇವು ಮಾತಾಡತೈತಿ ಬಿಡಪಾ" ಎಂದ ಮುರ್ತುಜಾಸಾಬ, ಉಬ್ಬಸ ಸುಧಾರಿಸಿಕೊಂಡು.

ಫೆಬ್ರುವರಿಯಲ್ಲಿ ಮಜೀದ ಮಾಸ್ತರರು ಕರೆದರು. ನರಗುಂದದಲ್ಲಿ ಮದುವೆ, ಅಕ್ಕಿಕಾಳು ಬಿದ್ದ ಮೇಲೆ ಊಟದ ಹೊತ್ತಿಗೆ ಹಾಡು. ಸಲಾವುದ್ದೀನ ಗಿಟಾರನ್ನು ಚಾದರದಲ್ಲಿ ಸುತ್ತಿಕೊಂಡು ಹೋದ. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಖರೇ ನೀನ ಮಾಡಿದ್ದೇನು?" ಎಂದು ಎರಡು ಸಲ ಕೇಳಿದರು.

ಮೊದಲ ಹಾಡಿನಲ್ಲೇ ತೊಡಕಾಯಿತು. ಕೀಬೋರ್ಡಿನ ಬೇಸು, ಇವನ ಬೇಸು ಒಂದರ ಮೇಲೊಂದು ಬಿದ್ದು ಹಾಡು ರಾಡಿಯಾಯಿತು. ಎರಡನೆಯದೂ ಹಾಗೇ. ಮಾಸ್ತರರು ಸನ್ನೆ ಮಾಡಿದರು, ಸದ್ದು ತಗ್ಗಿಸು ಎಂದು. ಸಲಾವುದ್ದೀನ ತಗ್ಗಿಸಿದ. ತನ್ನದು ತನಗೇ ಕೇಳದಷ್ಟು ತಗ್ಗಿದ ಮೇಲೆ ಕೀಬೋರ್ಡಿನ ಹತ್ತಿರ ಹೋಗಿ ಬಗ್ಗಿದ.

"ಎಡಗೈ ತಗೀರಿ ಮಾಸ್ತರ. ಒಂದ ಹಾಡಿಗೆ."

"ಕೈಗೆ ರೂಢಿ ಆಗೈತೋ. ಸುಮ್ಮ ಇರಾಕ ಬರಂಗಿಲ್ಲ ಅದಕ."

"ತೊಡಿ ಮ್ಯಾಲೆ ಇಟಗೋರಿ."

ಮಾಸ್ತರರು ಅವನ ಮುಖ ನೋಡಿದರು. ಏನನ್ನಿಸಿತೋ, ಎಡಗೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಲಾವುದ್ದೀನ ಸದ್ದು ಏರಿಸಿದ. ಹಾಡಿಗೆ ಕಾಲು ಬಂದವು. ಉಣ್ಣುವವರು ಉಣ್ಣುತ್ತಲೇ ಇದ್ದರು, ಬಡಿಸುವವರು ಸಾರು, ಸಾರು ಎಂದು ಕೂಗುತ್ತಲೇ ಇದ್ದರು. ಹಾಡುವ ಅನಿತಾ ಮಾತ್ರ ಚರಣದ ನಡುವೆ ಒಮ್ಮೆ ಹಿಂದೆ ತಿರುಗಿ ನೋಡಿದಳು. ಉಳಿದ ಒಂಬತ್ತು ಹಾಡಿಗೂ ಮಾಸ್ತರರ ಎಡಗೈ ತೊಡೆಯ ಮೇಲೇ ಇತ್ತು.

ವಾಪಸು ಬರುವಾಗ ಟೆಂಪೊದಲ್ಲಿ ಅವರೇ ಪಕ್ಕಕ್ಕೆ ಬಂದು ಕೂತರು. ಗಾಡಿ ಚಿಕ್ಕನರಗುಂದ ದಾಟಿತು.

"ಚಲೋ ಆತು ಇವತ್ತ" ಎಂದರು ಕೊನೆಗೆ. "ಆದ್ರ ಮುಂದ ಕಾರ್ಯಕ್ರಮ ಇಲ್ಲೋ ಸಲಾವುದ್ದೀನ. ಈಗ ಎಲ್ಲಾರೂ ಸೀಡಿ ಹಚ್ಚತಾರ. ನನಗೂ ಸಾಕಾಗೈತಿ."

ಈ ಮಾತು ಕೇಳಿದರೆ ಎದೆ ಒಡೆಯುತ್ತದೆ ಎಂದು ಸಲಾವುದ್ದೀನ ಅಂದುಕೊಂಡಿದ್ದ. ಹಾಗಾಗಲಿಲ್ಲ. ಎಲ್ಲೋ ಬಿಗಿದುಕೊಂಡಿದ್ದ ಗಂಟೊಂದು ಸಡಿಲಾದಂತಾಯಿತು. "ನನಗೂ ಮಾಸ್ತರ" ಎಂದ. ಇಬ್ಬರೂ ಕಿಟಕಿಯಾಚೆಯ ಕರಿ ಹೊಲಗಳನ್ನು ನೋಡುತ್ತ ಕೂತರು.

ಮನೆ ಮುಟ್ಟಿದಾಗ ಇನ್ನೂ ಸಂಜೆಯ ಬೆಳಕಿತ್ತು. ಕೈಕಾಲು ತೊಳೆದು ಮಂಚದ ಮೇಲೆ ಕೂತ. ಮುನೀರಾ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೆಳಗೆ ಕೂತಿದ್ದಳು. ಚಾದರ ಬಿಚ್ಚದ ಗಿಟಾರನ್ನು ನೋಡಿ ಹೇಳಿದಳು:

"ಹದಿನೇಳು ವರ್ಷ ಆತು. ಅದು ಹ್ಯಾಂಗ ಸದ್ದು ಮಾಡತೈತಿ ಅಂತ ನಾ ಒಮ್ಮೆರ ಕೇಳಿಲ್ಲ."

ನಿಜ. ಅವಳು ಯಾವ ಕಾರ್ಯಕ್ರಮಕ್ಕೂ ಬಂದವಳಲ್ಲ. ಅವನೂ ಕರೆದವನಲ್ಲ.

"ಮನ್ಯಾಗ ಆಂಪ್ಲಿಫೈಯರ್ ಇಲ್ಲ. ಕೇಳಂಗಿಲ್ಲ ಅದು."

"ಕೇಳಿದಷ್ಟ ಕೇಳಲಿ."

ಅವನು ಚಾದರ ಬಿಚ್ಚಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ಮುನೀರಾ ಸೊಪ್ಪಿನ ಬುಟ್ಟಿ ಸರಿಸಿ ಹತ್ತಿರ ಬಂದು ಮಂಚದ ಅಂಚಿಗೆ ಕೂತಳು. ಹಾಡಿಲ್ಲದೆ, ಬರೀ ಕೆಳಗಿನ ಸ್ವರಗಳನ್ನು ಒಂದೊಂದಾಗಿ ಮೀಟಿದ. ಓಣಿಯಲ್ಲಿ ಸೈಕಲ್ ಗಂಟೆ ಬಾರಿಸಿದರೆ ಮುಚ್ಚಿಹೋಗುವಷ್ಟು ಸಣ್ಣ ಸದ್ದು. ಅವಳು ತಲೆ ಬಾಗಿಸಿ ಕೇಳಿದಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಅವನ ರೆಪ್ಪೆ ಎಳೆಯತೊಡಗಿದವು.

"ಚಲೋ ಐತಿ" ಎಂದಳು ಮುನೀರಾ. "ಸಾಕು ಬಿಡ್ರಿ ಇನ್ನ. ಚೂರು ಅಡ್ಡಾಗ್ರಿ. ಊಟಕ್ಕ ಎಬ್ಬಸತೀನಿ."