ಕರೆಂಟಿಗೆ ಹೆದರುತ್ತಿದ್ದ ಮೂರ್ತಪ್ಪ

ಮೂರ್ತಪ್ಪ ಯಾವ ಯಂತ್ರವನ್ನೂ ಅಂಗೈಯಿಂದ ಮುಟ್ಟಿದವನಲ್ಲ. ಮಲಗಿದ ಮಗುವಿನ ಜ್ವರ ನೋಡುವವನ ಹಾಗೆ ಬಲಗೈಯ ಹಿಂಬದಿಯನ್ನು ಮೆಲ್ಲನೆ ತಾಗಿಸುತ್ತಿದ್ದ. ಅಷ್ಟರಲ್ಲಿ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಗಿ ಕೂತಿರುತ್ತಿತ್ತು. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳು ಮಡಚಿಸಿ ಹಿಡಿದುಕೊಳ್ಳುತ್ತದೆ, ಎರಡೂ ಕೈ ತಾಗಿದರೆ ಎದೆಯ ಮೂಲಕ ಹಾಯುತ್ತದೆ ಎಂಬುದು ಅವನ ವಿವರಣೆ. ಭದ್ರಾವತಿಯ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ ಈ ಮನುಷ್ಯ ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು ಚಪ್ಪರದ ದೀಪದ ವೈರುಗಳನ್ನೇ ದಿಟ್ಟಿಸುತ್ತಿದ್ದ. ಪಂಚೆಯ ಕೆಳಗೂ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂ. ಗೆಳೆಯರು ನಾವು ನಕ್ಕರೆ, ಹೆದರದವನ ಜೊತೆ ತಾನು ಏಣಿ ಹತ್ತುವುದಿಲ್ಲ ಎನ್ನುತ್ತಿದ್ದ.

೧೯೯೯ರಲ್ಲಿ ನನ್ನ ಮಗಳು ರಶ್ಮಿ ಮನೆಯಲ್ಲೇ ಡಿಟಿಪಿ ಕೆಲಸ ಹಿಡಿದಳು. ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಕಂಪ್ಯೂಟರ್ ಬರುವ ಹಿಂದಿನ ದಿನವೇ ಮೂರ್ತಪ್ಪ ಬಸ್ಸು ಹಿಡಿದು ಬಂದ. ಮೇಜಿಗೆ ಗೋಡೆ ಆರಿಸಿದವನು ಅವನು: ಕಿಟಕಿಯಿಂದ ದೂರ, ಬಚ್ಚಲಿನಿಂದ ಇನ್ನೂ ದೂರ. ಕೀಬೋರ್ಡಿನ ಹಲಗೆ ಸರಿಯಾಗಿ ಒಳಗೆ ಹೊರಗೆ ಜಾರುತ್ತದೆಯೇ, ವೈರು ಎಲ್ಲಾದರೂ ಅದರಡಿ ಸಿಕ್ಕೀತೇ ಎಂದು ಮಂಡಿಯೂರಿ ನೋಡಿದ. ಮರುದಿನ ಸವಳಂಗ ರಸ್ತೆಯ ಅಂಗಡಿಯ ಯುವರಾಜ್ ಎಲ್ಲವನ್ನೂ ಜೋಡಿಸಿ ಸ್ವಿಚ್ಚು ಹಾಕಿದ; ಮೂರ್ತಪ್ಪನ ಕೈ ಸಿಪಿಯು ಪೆಟ್ಟಿಗೆಗೆ ತಾಗಿತು, ಸರಕ್ಕನೆ ಹಿಂದೆ ಬಂತು. ಜುಮ್ಮೆನ್ನುತ್ತಿತ್ತು.

"ಎಲ್ಲರ ಮನೇಲೂ ಇಷ್ಟೇ ಅಂಕಲ್. ಚಪ್ಪಲಿ ಹಾಕ್ಕೊಂಡು ಕೂತ್ರೆ ಆಯ್ತು" ಎಂದ ಯುವರಾಜ್.

ನಮ್ಮದು ಹಳೆಯ ಮನೆ. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ತಿಂಗ್ ಎಂಬುದು ಹೆಸರಿಗಷ್ಟೇ ಇತ್ತು. ಹಿತ್ತಿಲಲ್ಲಿ ಗುಂಡಿ ತೋಡಿ ಹೊಸ ಅರ್ತ್ ಕೊಡುವವರೆಗೆ ಇದನ್ನು ಹಾಕಕೂಡದು, ಭಾನುವಾರ ಬರುತ್ತೇನೆ ಎಂದು ಮೂರ್ತಪ್ಪ ಹೋದ. ರಶ್ಮಿಯ ಕೈಯಲ್ಲಿ ಲಗ್ನಪತ್ರಿಕೆಗಳ ಕೆಲಸವಿತ್ತು. ಬುಧವಾರ ನಾನೇ ಯುವರಾಜನನ್ನು ಮತ್ತೆ ಕರೆಸಿದೆ. ಅವನು ಸಾಕೆಟ್ಟು ಬಿಚ್ಚಿ ಹತ್ತು ನಿಮಿಷದಲ್ಲಿ ಏನೋ ಮಾಡಿದ. ಜುಮ್ಮೆನ್ನುವುದು ಪೂರಾ ನಿಂತಿತು. ಸಂತೋಷದಿಂದ ಭದ್ರಾವತಿಗೆ ಫೋನು ಮಾಡಿ, ನಿನಗೆ ಗುಂಡಿ ತೋಡುವ ಕೆಲಸ ತಪ್ಪಿತು ಮಾರಾಯ ಎಂದೆ. ಅದನ್ನು ಆರಿಸಿಡು, ಬಂದೆ ಎಂದ. ಆಮೇಲೆ ಫೋನು ಇಟ್ಟ ಸದ್ದು. ಅವನ ಎಂದಿನ ಹೆದರಿಕೆಯೆಂದು ನಾನು ಆರಿಸಲಿಲ್ಲ.

ಒಂದೂವರೆ ಗಂಟೆಯಲ್ಲಿ ಅವನು ನಮ್ಮ ಬಾಗಿಲಲ್ಲಿದ್ದ. ರಶ್ಮಿ ತಲೆಗೆ ಎರೆದುಕೊಂಡು ಬಂದು, ಒದ್ದೆ ಕೂದಲು ಬೆನ್ನಿಗೆ ಹರವಿ, ಬರಿಗಾಲನ್ನು ಪೆಟ್ಟಿಗೆಗೆ ಒರಗಿಸಿ ಟೈಪು ಮಾಡುತ್ತಿದ್ದಳು. ಮೂರ್ತಪ್ಪ ಹೊಸ್ತಿಲಲ್ಲೇ ನಿಂತ. ದನಿ ಏರಿಸಲಿಲ್ಲ.

"ಮಗಾ, ಕಾಲು ತೆಗಿ. ಏನೂ ಮುಟ್ಟದೆ ಹಂಗೇ ಹಿಂದಕ್ಕೆ ಎದ್ದು ಬಾ."

ಅವಳು ನಗುತ್ತ ತಿರುಗಿದಳು. ಅವನ ಮುಖ ನೋಡಿ ನಗು ನಿಂತಿತು.

ಮೇನ್ ಆರಿಸಿ ಸಾಕೆಟ್ಟು ಬಿಚ್ಚಿದ. ಒಳಗೆ ಬೆರಳುದ್ದದ ಕಪ್ಪು ವೈರು; ಕರೆಂಟು ಮರಳಿ ಹೋಗುವ ನ್ಯೂಟ್ರಲ್ಲನ್ನು ಯುವರಾಜ್ ಅದರಿಂದ ಅರ್ತಿನ ತೂತಿಗೆ ಸೇರಿಸಿ ತಿರುಪಿದ್ದ. ಎಲ್ಲ ಸರಿಯಿರುವತನಕ ಇದು ಒಳ್ಳೆಯದೇ. ಹೊರಗೆ ಕಂಬದಿಂದ ಬರುವ ನ್ಯೂಟ್ರಲ್ ತಂತಿಯೊಂದು ಕಡಿದರೆ ಮನೆಯ ಕರೆಂಟೆಲ್ಲ ಪೆಟ್ಟಿಗೆಯ ಮೈಗೆ ಬಂದು ಕೂರುತ್ತದೆ, ಜುಮ್ಮೆನ್ನಿಸಿ ಎಚ್ಚರಿಸುವುದೂ ಇಲ್ಲ ಎಂದ. ತುಂಡನ್ನು ಕಿತ್ತು ನೆಲದ ಮೇಲಿಟ್ಟ. ರಶ್ಮಿ ಒಳಗೆ ಹೋದಮೇಲೆ ನೆಲದಲ್ಲಿ ಕೂತೇ ಹೇಳಿದ.

"ಇಂಥದ್ದು ನಾನೂ ಹಾಕಿದೀನಿ ಶಿವರಾಮ. ಕ್ವಾರ್ಟರ್ಸಲ್ಲಿ, ಪಕ್ಕದ ಮನೆ ಸಣ್ಣಮ್ಮನ ಗ್ರೈಂಡರಿಗೆ. ಏಳು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಒಂದಿನ ಗಾಳಿ ಬಂತು, ತಂತಿ ಕಡೀತು. ಆಕೆ ಕೈಯೆಲ್ಲ ದೋಸೆಹಿಟ್ಟು."

ಬಿಚ್ಚಿದ ತಿರುಪುಗಳನ್ನು ಒಂದೊಂದಾಗಿ ಎತ್ತಿ ಒಂದೆಡೆ ಕೂಡಿಸಿದ.

"ಮೊದಲು ಓಡಿದ್ದು ನಾನೇ. ಹೋಗಿಬಿಟ್ಟಿದ್ಲು. ಜನ ಬರೋದ್ರೊಳಗೆ ಆ ತುಂಡು ಕಿತ್ತು ಜೇಬಿಗೆ ಹಾಕ್ಕೊಂಡೆ."

ಇಪ್ಪತ್ತು ವರ್ಷ ಅವನು ಯಾರಿಗೂ ಹೇಳಿರಲಿಲ್ಲ. ನಾನೂ ಇಂದಿನವರೆಗೆ ಹೇಳಿಲ್ಲ. ಇಂದು ಹೇಳಿದರೆ ಅವನ ಮಾನ ಹೋಗುತ್ತದೆಂದು ನನಗೆ ಅನ್ನಿಸುವುದಿಲ್ಲ.

ಭಾನುವಾರ ಕಾಯದೆ ಮರುದಿನವೇ ಹಿತ್ತಿಲಲ್ಲಿ ಆಳುದ್ದ ಗುಂಡಿ ತೋಡಿದೆವು. ಇದ್ದಿಲು, ಉಪ್ಪು ಸುರಿದು ಕಬ್ಬಿಣದ ಪೈಪು ನಿಲ್ಲಿಸಿದ. ಪಕ್ಕದ ಮನೆಯ ಷಡಕ್ಷರಪ್ಪನವರು ಕಾಂಪೌಂಡಿನ ಮೇಲಿಂದ ಬಗ್ಗಿ, "ಏನ್ರೀ, ಕಂಪ್ಯೂಟರಿಗೆ ಬಾವಿ ತೋಡ್ತಿದೀರಾ?" ಎಂದರು. "ಹೌದ್ರೀ, ಬೇಸಿಗೇಲಿ ಇದಕ್ಕೂ ಬಾಯಾರುತ್ತೆ" ಎಂದು ಮೂರ್ತಪ್ಪ ಎರಡು ಕೊಡ ನೀರು ಸುರಿದ.

ಮರುವರ್ಷ ಆಷಾಢದ ಒಂದು ಸಂಜೆ ಬಿರುಗಾಳಿಗೆ ಮನೆ ಕತ್ತಲಾಯಿತು. ಕಂಪ್ಯೂಟರಿನ ಮುಂದಿದ್ದ ರಶ್ಮಿ ತಡಕಾಡಿ, ಆರಿಸಲೆಂದು ಪೆಟ್ಟಿಗೆಯ ಮೇಲೆ ಇಡೀ ಅಂಗೈ ಊರಿದಳು. ಅರ್ಧ ಗಂಟೆಯ ಮೇಲೆ ಬಂದ ಲೈನ್‌ಮನ್ ಏಣಿಯ ಮೇಲಿಂದ, ನ್ಯೂಟ್ರಲ್ ಒಂದೇ ಕಡಿದಿದೆ, ಇನ್ನೊಂದರಲ್ಲಿ ಕರೆಂಟಿದೆ, ಏನೂ ಮುಟ್ಟಬೇಡಿ ಎಂದು ಕೂಗಿದ. ಆ ಕಪ್ಪು ತುಂಡು ಇದ್ದಿದ್ದರೆ ಅದು ರಶ್ಮಿಯ ಅಂಗೈಗೇ ಬರುತ್ತಿತ್ತು; ನಾನು ಫೋನಿಗೆ ಓಡಿದೆ. ಫೋನಿನಲ್ಲಿ ಮೂರ್ತಪ್ಪ ಕೇಳಿದ್ದು ಒಂದೇ ಮಾತು: "ಏನೂ ಆಗ್ಲಿಲ್ವಾ?" ಇಲ್ಲ ಎಂದೆ. ಮತ್ತೆ ಅದನ್ನೇ ಕೇಳಿದ. ಮೂರನೆಯ ಸಲ ಕೇಳುವಾಗ ಅಳುತ್ತಿದ್ದ.

ಕಳೆದ ಮಾಘದಲ್ಲಿ ಎದೆನೋವೆಂದು ಕೂತವನು ಏಳಲಿಲ್ಲ.

ಇಂಥವರನ್ನು ಊರು ಪುಕ್ಕಲರೆಂದು ಕರೆದು ನಕ್ಕು ಮುಂದೆ ಹೋಗುತ್ತದೆ. ಒಮ್ಮೆ ತಮ್ಮ ಕೈಯಿಂದ ಆದದ್ದನ್ನು ಅವರು ತಿದ್ದಲಾರರು, ಮರೆಯಲೂ ಒಲ್ಲರು. ಉಳಿದ ಆಯುಷ್ಯವೆಲ್ಲ ಬೇರೆಯವರ ಮನೆಗಳಲ್ಲಿ ಅದು ಮತ್ತೆ ಆಗದ ಹಾಗೆ ಕಾಯುತ್ತಾರೆ. ಅವರ ಕೆಲಸಕ್ಕೆ ಗುರುತು ಉಳಿಯುವುದಿಲ್ಲ; ಆಗದೆ ಹೋದದ್ದು ಯಾರ ಕಣ್ಣಿಗೂ ಬೀಳದು. ನಮ್ಮ ಪಾಲಿನ ಹೆದರಿಕೆಯನ್ನೂ ಅವರೇ ಹೆದರಿ ಮುಗಿಸುತ್ತಿದ್ದರೆಂದು ತಿಳಿಯುವುದು, ಅವರು ಹೋದಮೇಲೆ, ಆ ಹೆದರಿಕೆ ನಮ್ಮ ಮನೆಯೊಳಗೆ ಬಂದು ಕೂತಾಗ.